ಭಾವ, ಜೂನಲ್ಲಿ ಅಂಜಲ್ ಆಸೆ ಬಿಡಿ

ಭಾವ, ನಿಮ್ಮ ಮೆಸೇಜ್ ನೋಡಿದೆ. ಜೂನ್ ಎರಡನೇ ವಾರ ದಾವಣಗೆರೆಯಿಂದ ಫ್ರೆಂಡ್ಸ್ ಒಟ್ಟಿಗೆ ಮಂಗಳೂರಿಗೆ ಬರ್ತೇವೆ, ಒಳ್ಳೆ ಅಂಜಲ್ (ಕಿಂಗ್‌ಫಿಶ್), ಪಾಂಪ್ಲೆಟ್ ಮೀನು ಎಲ್ಲಿ ಸಿಗ್ತದೆ, ಲೋಕಲ್ ವೈನ್ ಎಲ್ಲಿ ಸಿಗ್ತದೆ ಅಂತ ಕೇಳಿದ್ದೀರಲ್ಲ, ಸ್ವಲ್ಪ ಉದ್ದ ಹೇಳ್ತೇನೆ, ಪೂರ್ತಿ ಕೇಳಿ ಆಯ್ತಾ.

ಮೊದಲು ಡೇಟ್ ಚೇಂಜ್ ಮಾಡ್ಲಿಕ್ಕೆ ಆಗ್ತದಾ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟು ಅಂತ ದೊಡ್ಡ ಬಲೆಯ ಬೋಟು ಯಾವುದೂ ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಸಮಯ, ಕಡಲೂ ಜೋರಿರ್ತದೆ, ಮಲ್ಪೆಯಲ್ಲೂ ಇಲ್ಲಿ ದಕ್ಕೆಯಲ್ಲೂ (ಮೀನು ಬಂದರಲ್ಲಿ) ಬೋಟೆಲ್ಲ ಸಾಲಾಗಿ ಕಟ್ಟಿ ಹಾಕಿರ್ತಾರೆ. ಆದ್ರೂ ಹೋಟೆಲ್ ಮೆನುವಲ್ಲಿ ಅಂಜಲ್ ತವಾ ಫ್ರೈ ಇದ್ದೇ ಇರ್ತದೆ, ಹೆಚ್ಚಿನದ್ದು ಐಸಲ್ಲಿಟ್ಟದ್ದು, ಇಲ್ಲ ಹೊರಗಿಂದ ಲಾರಿಯಲ್ಲಿ ಬಂದದ್ದು. ತಮಿಳುನಾಡು, ಆಂಧ್ರ ಕಡೆಯ ಬ್ಯಾನ್ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದ್ರೆ ನೀವು ಬರುವ ವಾರ ಎರಡೂ ಕರಾವಳಿ ಬಂದ್ ಮಾರಾಯ್ರೆ! ಅಷ್ಟು ದೂರದಿಂದ ಬಂದು ದುಡ್ಡು ಕೊಟ್ಟು ನೀವು ಹಳೆ ಮೀನು ತಿನ್ನುವುದು ನನಗೆ ಸರಿ ಕಾಣುದಿಲ್ಲ.

ದಸರಾ ರಜೆಗೆ ಬನ್ನಿ. ಆಗಲೂ ಅಂಜಲ್ ಅಂಜಲ್ ಅಂತ ಕೂತ್ಕೊಳ್ಬೇಡಿ, ಬಂಗುಡೆ ಪುಳಿಮುಂಚಿ (ಹುಳಿ ಖಾರದ ಸಾರು) ಕೇಳಿ, ಬೂತಾಯಿ (ಮತ್ತಿ ಮೀನು) ಗಸಿ ಕೇಳಿ, ಮುಳ್ಳು ಉಂಟು ನಿಜ, ಆದ್ರೆ ಆ ಮೀನಲ್ಲಿ ಎಣ್ಣೆ ಅಂಶ ಜಾಸ್ತಿ, ಬ್ಯಾಡಗಿ ಮೆಣಸು ಹುಣಸೆಹುಳಿ ಅದಕ್ಕೆ ಹಿಡಿಯುವಷ್ಟು ಅಂಜಲ್ ತುಂಡಿಗೆ ಹಿಡಿಯುದಿಲ್ಲ, ಕುಚ್ಚಲಕ್ಕಿ ಅನ್ನ ಬಿಸಿ ಇರ್ಬೇಕು, ಸಾರು ಹಿಂದಿನ ದಿನದ್ದಾದ್ರೆ ಇನ್ನೂ ರುಚಿ. ಫ್ರೈಗೆ ಕಾಣೆ ಮೀನು, ರವಾ ಹಾಕಿದ್ದು. ಬೋರ್ಡ್ ದೊಡ್ಡದಿರುವಲ್ಲಿ ಹೋಗ್ಬೇಡಿ, ಮಧ್ಯಾಹ್ನ ಮೀನೂಟಕ್ಕೆ ಆಟೋದವರು ಬ್ಯಾಂಕಿನವರು ಎಲ್ಲ ಕ್ಯೂ ನಿಲ್ಲುವಲ್ಲಿ ಹೋಗಿ.

ಜೂನಲ್ಲೇ ಬರ್ಬೇಕು ಅಂತಾದ್ರೆ ಮೀನು ಬಿಟ್ಟು ಬೇರೆ ತಿನ್ನಿ, ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು) ಉಂಟು, ಕುಂದಾಪುರಕ್ಕೆ ಹೋದ್ರೆ ಚಿಕನ್ ಘೀ ರೋಸ್ಟ್ ಉಂಟು, ಅದು ಹುಟ್ಟಿದ್ದೇ ಅಲ್ಲಿ. ಮಳೆ ಗುಡುಗು ಸರಿ ಬಂದಿದ್ರೆ ಕಲ್ಲಣಬೆ ಸುಕ್ಕ ಸಿಗ್ತದೆ, ಅದು ವರ್ಷಕ್ಕೆ ಸ್ವಲ್ಪವೇ ದಿನ, ಸಿಕ್ಕಿದ್ರೆ ರೇಟ್ ನೋಡ್ಬೇಡಿ. ಮನೆಗೆ ಬಂದ್ರೆ ಒಣ ಎಟ್ಟಿ (ಸಿಗಡಿ) ಚಟ್ನಿ, ಗಂಜಿ ನಾನು ಮಾಡಿ ಹಾಕ್ತೇನೆ. ನಾಡದೋಣಿಯವರಿಗೆ ಕಡಲು ಬಿಟ್ಟುಕೊಟ್ಟ ದಿನ ತಾಜಾ ಮೀನು ಸ್ವಲ್ಪ ಬರ್ತದೆ, ಅದು ನಿಮ್ಮ ಅದೃಷ್ಟ.

ಇನ್ನು ವೈನ್. ಈ ಮಳೆಗೆ, ಈ ಶೆಕೆಗೆ ಇಲ್ಲಿ ವೈನ್ ದ್ರಾಕ್ಷಿ ತೋಟ ಎಲ್ಲಿಂದ ಬರ್ಬೇಕು ಭಾವ, ಕರ್ನಾಟಕದ ವೈನ್ ಅಂದ್ರೆ ನಂದಿಬೆಟ್ಟದ ಕಡೆದು, ವಿಜಯಪುರದ ಕಡೆದು, ಅದು ನಿಮಗೆ ದಾವಣಗೆರೆಯಲ್ಲೇ ಸಿಗ್ತದೆ. ಇಲ್ಲಿಯದ್ದು ಅಂತ ಇರುದು ಕ್ರಿಶ್ಚಿಯನ್ನರ ಮನೆಯಲ್ಲಿ ಕ್ರಿಸ್ಮಸ್‌ಗೆ ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಮುಷ್ಟಿ ಗೋಧಿ ಹಾಕಿ ಭರಣಿಯಲ್ಲಿಟ್ಟು ಮಾಡುದು, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಒಟ್ಟಿಗೆ ಸಣ್ಣ ಗ್ಲಾಸಲ್ಲಿ ಕೊಡ್ತಾರೆ. ಅದನ್ನು ಅಂಗಡಿಯಲ್ಲಿ ಹುಡುಕ್ಬೇಡಿ, ಪ್ರೀತಿಯಿಂದ ಕರೆದವರ ಮನೆಯಲ್ಲಿ ಕುಡಿಯುವುದು. ಫ್ರೆಂಡ್ಸಿಗೆ ಮೀನಿನೊಟ್ಟಿಗೆ ವೈನ್ ಬೇಕೇ ಬೇಕಾದ್ರೆ ರೆಡ್ ತರ್ಬೇಡಿ, ಪುಳಿಮುಂಚಿ ಒಟ್ಟಿಗೆ ಅದು ಖಾರ ಇನ್ನೂ ಜಾಸ್ತಿ ಮಾಡ್ತದೆ, ಸ್ವಲ್ಪ ಸಿಹಿ ಇರುವ ಚೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್ ಚೆನ್ನಾಗಿ ತಣ್ಣಗೆ ಮಾಡಿ ತನ್ನಿ.

ರೂಮ್ ಬುಕ್ ಮಾಡುವ ಮೊದಲು ನನಗೊಂದು ಫೋನ್ ಮಾಡಿ. ಅಕ್ಕನನ್ನೂ ಕರ್ಕೊಂಡು ಬನ್ನಿ, ಅವಳು ಬಂದ್ರೆ ಬೆಳಿಗ್ಗೆ ದಕ್ಕೆಗೆ ಹೋಗಿ ನಾವೇ ಮೀನು ತರುವ, ಮನೆಯಲ್ಲೇ ಮಾಡುವ.