ನೇಯದ ಹುಳಕ್ಕೂ ಜೇಡ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹವಾಯಿಯ ಕವಾಯಿ ದ್ವೀಪದಲ್ಲಿ ಮಾತ್ರ ಇರುವ ಒಂದು ಗವಿ ಜೇಡದ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು 'ಜೇಡ'. ನಾನು ಗುಳೇದಗುಡ್ಡದವನು, ಖಣ ನೇಯುವ ಮನೆಯಲ್ಲಿ ಬೆಳೆದವನು. ಜೇಡ ಅಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಲ್ಲಿರುವುದೂ ಅದೇ ಅಲ್ವಾ? ನಮ್ಮ ಅಜ್ಜಿ ಬರೀ 'ಜೇಡ' ಅನ್ನುತ್ತಿರಲಿಲ್ಲ, 'ಜೇಡರ ಹುಳ' ಅನ್ನುತ್ತಿದ್ದಳು. ಕುಣಿಮಗ್ಗದ ಮೇಲಿನ ತೊಲೆಯಲ್ಲಿ ಬಲೆ ಕಂಡರೆ ಕಸಬರಿಗೆ ತರುವ ಮೊದಲು ಒಂದು ಗಳಿಗೆ ನೋಡುತ್ತಾ ನಿಲ್ಲುತ್ತಿದ್ದಳು. ಎಳೆ ಎಷ್ಟು ಸಮ ಇದೆ ನೋಡು ಅಂತ ನಮ್ಮನ್ನೂ ಕರೆಯುತ್ತಿದ್ದಳು.

ಆದರೆ ಕವಾಯಿಯದು ತೋಳ ಜೇಡಗಳ ಕುಟುಂಬದ್ದು. ಬಲೆ ಕಟ್ಟಿ ಕಾಯುವುದಿಲ್ಲ. ಓಡಾಡಿ ಬೇಟೆ ಹಿಡಿಯುತ್ತದೆ. ಹಾಗಿದ್ದರೂ ನನಗೆ 'ಜೇಡ' ಬಿಡಲು ಮನಸ್ಸಿಲ್ಲ. ತಾಯಿ ತನ್ನ 15ರಿಂದ 30 ಮೊಟ್ಟೆಗಳಿಗೆ ನೂಲಿನ ಚೀಲ ಮಾಡುತ್ತದೆ. ಮರಿ ಹೊರಬರುವ ತನಕ ಅದನ್ನು ಬಾಯಲ್ಲೇ ಕಚ್ಚಿಕೊಂಡು ತಿರುಗುತ್ತದೆ. ನೂಲಿನ ಕೆಲಸ ಪೂರ್ತಿ ಬಿಟ್ಟಿಲ್ಲ.

ಎರಡನೆಯದು ಕಣ್ಣಿನ ಮಾತು. ತೋಳ ಜೇಡಗಳಿಗೆ ಎಂಟು ಕಣ್ಣು, ಅದರಲ್ಲಿ ನಡುಸಾಲಿನ ಎರಡು ತುಂಬಾ ದೊಡ್ಡವು. ಇದಕ್ಕೆ ಒಂದೂ ಇಲ್ಲ. ಲಾವಾ ಹರಿದು ಉಳಿದ ಸುರಂಗಗಳ ಕತ್ತಲಲ್ಲೇ ಇದರ ಬದುಕು. 1973ರಲ್ಲಿ ಜೇಡಗಳ ತಜ್ಞ ಗರ್ಟ್ಷ್ ಇದಕ್ಕೆ 'ಅಡೆಲೊಕೋಸಾ ಅನಾಪ್ಸ್' ಅಂತ ಹೆಸರಿಟ್ಟರು. ಅನಾಪ್ಸ್ ಅಂದರೆ ಕಣ್ಣಿಲ್ಲದ್ದು. ಹವಾಯಿ ಭಾಷೆಯ ಹೆಸರಿನಲ್ಲೂ 'ಮಕ ಓಲೆ' ಅಂತ ಇದೆ. ಮಕ ಅಂದರೆ ಕಣ್ಣು, ಓಲೆ ಅಂದರೆ ಇಲ್ಲ. ನಾನು ಮೊದಲು 'ಕುರುಡು ಜೇಡ' ಅಂತ ಬರೆದು ಆಮೇಲೆ ಹೊಡೆದುಹಾಕಿದೆ. ಕುರುಡು ಅಂದ ಕೂಡಲೇ ಏನೋ ಕಳೆದುಕೊಂಡ ಪ್ರಾಣಿ ಅನ್ನಿಸುತ್ತದೆ. ಇದು ತನ್ನ ಕತ್ತಲಲ್ಲಿ ಸರಾಗವಾಗಿ ಬೇಟೆಯಾಡುತ್ತದೆ. 'ಕಣ್ಣಿಲ್ಲದ ಗವಿ ಜೇಡ' ಸರಿಯಾಗುತ್ತದಾ? 'ಕಣ್ಣಿಲಿ' ಅಂತ ಒಂದೇ ಪದ ಮಾಡಿದರೆ ಮಕ್ಕಳು 'ಇಲಿ' ಅಂದುಕೊಂಡಾರು.

'ಗುಹೆ' ಬೇಡ ಅನ್ನಿಸಿತು. ಬಾದಾಮಿಯಲ್ಲಿ ಕೈಯಿಂದ ಕೊರೆದದ್ದಕ್ಕೆ ಗುಹೆ ಅನ್ನುತ್ತೇವೆ. ತಾನಾಗೇ ಆದದ್ದಕ್ಕೆ ನನ್ನ ಬಾಯಿಗೆ ಬರುವುದು ಗವಿ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಬಾಗಿಲ ಹಿಂದಿನ ಗೋಡೆಗೆ ಅಂಟಿಕೊಂಡು, ಹೊಟ್ಟೆಯಡಿ ರೂಪಾಯಿ ಬಿಲ್ಲೆಯಂಥ ಬಿಳಿ ಮೊಟ್ಟೆ ಚೀಲ ಹಿಡಿದಿರುತ್ತದಲ್ಲ, ಅಗಲ ಕಾಲಿನ ದೊಡ್ಡ ಜೇಡ? ಅದೂ ಬಲೆ ಕಟ್ಟುವುದಿಲ್ಲ. ನಮ್ಮಲ್ಲಿ ಅದನ್ನೂ ಜೇಡರ ಹುಳ ಅಂತಲೇ ಕರೆಯುತ್ತಾರೆ. ವಿಜಯಪುರ, ಬೆಳಗಾವಿ ಕಡೆ ಅದಕ್ಕೆ ಬೇರೆ ಹೆಸರಿದ್ದರೆ ಬರೆಯಿರಿ. ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ.