ಪೊಲೀಸರು ಫೋನ್ ಲಾಕ್ ತೆಗೆ ಅಂದ್ರೆ ತೆಗೆಯಲೇಬೇಕಾ?

ಕದ್ರಿಯವ:
ಮೊನ್ನೆ ರಾತ್ರಿ ಮಂಗಳೂರಲ್ಲಿ ಚೆಕಿಂಗ್. ಬೈಕ್ ನಿಲ್ಲಿಸಿ ಆರ್‌ಸಿ ನೋಡಿದರು, ಆಮೇಲೆ ಸುಮ್ನೆ ಫೋನ್ ಲಾಕ್ ತೆಗೆಸಿ ವಾಟ್ಸ್ಆ್ಯಪ್ ಪೂರ್ತಿ ಜಾಲಾಡಿದರು. ಅಮ್ಮ ಕಳಿಸಿದ ಬಂಗುಡೆ ಫೋಟೋ ಸಹ ಬಿಡಲಿಲ್ಲ ಮಾರಾಯ್ರೆ! ಬೇರೆ ದೇಶದಲ್ಲೂ ಹೀಗೇನಾ?

ಮಲ್ಪೆ ಗಾಳಿ:
ಅಮೆರಿಕದಲ್ಲಿ ಇಲ್ಲ. ಅರೆಸ್ಟ್ ಮಾಡಿದರೂ ಫೋನ್ ಒಳಗೆ ನೋಡಲು ಸಾಮಾನ್ಯವಾಗಿ ವಾರಂಟ್ ಬೇಕು ಅಂತ 2014ರ ರೈಲಿ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

ಉಡುಪಿ ವಕೀಲ:
ಬ್ರಿಟನ್ ಉಲ್ಟಾ. 2000ದ ಕಾನೂನಿನಲ್ಲಿ ನೋಟಿಸ್ ಕೊಟ್ಟು ಪಾಸ್‌ವರ್ಡ್ ಕೇಳಬಹುದು, ಕೊಡದಿದ್ದರೆ 2 ವರ್ಷದವರೆಗೆ ಜೈಲು, ದೇಶದ ಭದ್ರತೆ ವಿಷಯವಾದರೆ 5. ನಮ್ಮಲ್ಲಿ ಸಂವಿಧಾನದ 20(3)ನೇ ವಿಧಿ ಉಂಟು, ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ. ಅದನ್ನೇ ಹಿಡಿದು 2010ರ ಸೆಲ್ವಿ ಕೇಸಿನಲ್ಲಿ (ಅದು ನಮ್ಮ ಕರ್ನಾಟಕದ್ದೇ) ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವ ಹಾಗಿಲ್ಲ ಎಂದಾಯಿತು. ದೊಡ್ಡ ತೂತು ಬೇರೆ ಕಡೆ ಉಂಟು: ಕ್ರಮ ತಪ್ಪಿ ಜಪ್ತಿ ಮಾಡಿದ್ದೂ ಇಲ್ಲಿ ಸಾಕ್ಷ್ಯವಾಗಿ ನಡೆಯುತ್ತದೆ, 1974ರ ಪೂರನ್ ಮಲ್ ತೀರ್ಪು ನೋಡಿ. ಅಮೆರಿಕದಲ್ಲಿ ಅಂಥದ್ದನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ.

ಕದ್ರಿಯವ:
ಹಾಗಾದ್ರೆ ವಾರಂಟ್ ಉಂಟಾ ಅಂತ ಕೇಳಬಹುದಿತ್ತು ಅಲ್ವಾ ಸರ್?

ಉಡುಪಿ ವಕೀಲ:
ಕೇಳಬಹುದಿತ್ತು. ರಾತ್ರಿ 11ಕ್ಕೆ ಮಳೆಯಲ್ಲಿ ನಿಂತು ಕೇಳುವ ಧೈರ್ಯ ಬೇಕಲ್ಲ!