ಆನೆಗೊಂದಿಯಲ್ಲಿ ಕೃಷ್ಣದೇವರಾಯನ ಜಾಡು: ನಡೆದು ನೋಡಿದವರು ಹೇಳಿ

ಕೊಪ್ಪಳದಿಂದ ಕೇಳುತ್ತಿದ್ದೇನೆ. ಶಾಲೆಯ ಯೋಜನೆಗಾಗಿ ಮಗಳಿಗೆ ಕೃಷ್ಣದೇವರಾಯನ ನೆನಪಿನ ಜಾಗಗಳನ್ನು ತೋರಿಸಬೇಕು. ಹಂಪಿಯ ಜನಜಂಗುಳಿ ಬೇಡ, ಆನೆಗೊಂದಿ ಸಾಕು. ಜೊತೆಗೆ ಮಂಡಿ ನೋವಿರುವ ಅಪ್ಪ. ಎಲ್ಲಿಂದ ಶುರು ಮಾಡಲಿ?

ಗಂಗಾವತಿಯಿಂದ: ಹೊಳೆಯ ಪಾತ್ರದಲ್ಲಿರುವ 64 ಕಂಬದ ಮಂಟಪದಿಂದಲೇ. ಬೆಳಿಗ್ಗೆ ಏಳರೊಳಗೆ ಅಲ್ಲಿರಿ, ಹತ್ತಾದರೆ ಬಂಡೆ ಕಾದ ಹಂಚು. ಆ ದೊರೆ ನಸುಕಿಗೆ ಮೊದಲೇ ಎಳ್ಳೆಣ್ಣೆ ಕುಡಿದು, ಕುಸ್ತಿ ಆಡಿ, ಕುದುರೆ ಓಡಿಸುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ನಾವು ಒಂದು ದಿನ ಬೇಗ ಏಳಬಾರದೇ? ನಾನು ಹೋದಾಗ ಕಂಬಗಳಿಗೆ ಹಿಂದಿನ ಮಳೆಗಾಲದ ಕೆಸರು ಮೆತ್ತಿಕೊಂಡಿತ್ತು, ಉಗುರು ತಾಗಿಸಿದರೆ ಹಪ್ಪಳದಂತೆ ಎದ್ದು ಬರುತ್ತಿತ್ತು. ಭುಜದೆತ್ತರದ ಸಂದಿಯಲ್ಲಿ ಹೊಳೆ ಹುಲ್ಲು ಸಿಕ್ಕಿಸಿ ಹೋಗಿತ್ತು.

ಮುನಿರಾಬಾದಿನಿಂದ: ಜಲಾಶಯದಿಂದ ನೀರು ಬಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಒಮ್ಮೆ ಆಗಸ್ಟ್‌ನಲ್ಲಿ ನೆಂಟರನ್ನು ಕರೆದೊಯ್ದು, ದಡದಲ್ಲಿ ನಿಂತು ‘ಅಗೋ, ಅಲ್ಲಿ’ ಎಂದು ಕೈ ತೋರಿಸಿ ವಾಪಸ್ ಬಂದೆ. ಡಿಸೆಂಬರ್, ಜನವರಿ ವಾಸಿ.

ರಾಯಚೂರಿನ ಇತಿಹಾಸದ ಮೇಷ್ಟ್ರು: ಮಂಟಪ ರಾಯನ ಸಮಾಧಿ ಎಂಬುದು ಊರವರ ನಂಬಿಕೆ. ಮಗಳು ‘ನಂಬಿಕೆ’ ಎಂದೇ ಬರೆಯಲಿ. ಆಳ್ವಿಕೆ 1509ರಿಂದ 1529, ರಾಯಚೂರು ಗೆದ್ದದ್ದು 1520ರಲ್ಲಿ. ಊರೊಳಗಿನ ಗಗನ ಮಹಲ್, ರಂಗನಾಥನ ಗುಡಿ ಅರ್ಧ ಗಂಟೆಯ ಕೆಲಸ. ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಕಲ್ಲಿನ ಕಂಬಗಳನ್ನು ಮಾತ್ರ ನಿಧಾನವಾಗಿ ನೋಡಿ.

ಕಾರಟಗಿಯಿಂದ: ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನ ಬಿಡಬೇಡಿ. ರಾಯ ಗುರುವೆಂದು ಗೌರವಿಸಿದ ವ್ಯಾಸರಾಯರ ವೃಂದಾವನ ಅಲ್ಲಿದೆ. ದೋಣಿ ಹತ್ತುವಾಗ ನಿಮ್ಮ ತಂದೆಯವರಿಗೆ ಇಬ್ಬರು ಕೈ ಕೊಡಬೇಕಾದೀತು. ಮರಳುವ ದೋಣಿ ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ಕೇಳಿದವನೇ ಮತ್ತೆ: ಹೋಗಿ ಬಂದೆವು, ಎಲ್ಲರಿಗೂ ಧನ್ಯವಾದ. ಮಂಟಪದ ಕಂಬಗಳನ್ನು ಮಗಳು ಎಣಿಸಿದ್ದು 62, ಅಪ್ಪ ಎಣಿಸಿದ್ದು 65. ಮೂರನೇ ಸಲ ಎಣಿಸುವಷ್ಟರಲ್ಲಿ ಬಿಸಿಲೇರಿತು. ಅಪ್ಪ ದೋಣಿ ಹತ್ತಲಿಲ್ಲ, ದಡದಲ್ಲೇ ಕೂತು ಮಂಡಕ್ಕಿ, ಮಿರ್ಚಿ ಮುಗಿಸಿದ್ದರು. ನಮಗೆ ಒಂದೂ ಉಳಿಸಿರಲಿಲ್ಲ.